ಒಳ್ಳೆಯ ಹೆಡ್‌ಫೋನಿಗೆ ಎಂಪಿ3 ಸಾಕೇ? ನಿಮ್ಮ ಕಿವಿಯಿಂದಲೇ ಉತ್ತರ ಪಡೆಯುವ ಸಮಗ್ರ ಮಾರ್ಗದರ್ಶಿ

ಒಳ್ಳೆಯ ಹೆಡ್‌ಫೋನ್ ಕೊಂಡವರಿಗೆ ಒಂದೆರಡು ವಾರದಲ್ಲೇ ಒಂದು ಅನುಮಾನ ಶುರುವಾಗುತ್ತದೆ. ವರ್ಷಗಟ್ಟಲೆ ಕೂಡಿಟ್ಟ ಹಾಡುಗಳೆಲ್ಲ ಎಂಪಿ3. ಹೆಡ್‌ಫೋನೇನೋ ಸೊಗಸಾಗಿದೆ, ಆದರೆ ಅದರೊಳಗೆ ಹರಿಯುತ್ತಿರುವುದು ಹಿಂಡಿ ಸಣ್ಣದು ಮಾಡಿದ ಫೈಲು. ಹಾಗಾದರೆ ಕೇಳಬೇಕಾದ ಏನೋ ಒಂದು ಕೈತಪ್ಪಿ ಹೋಗುತ್ತಿದೆಯೇ? ಗೊತ್ತಿದ್ದವರನ್ನು ವಿಚಾರಿಸಿದರೆ ಒಬ್ಬರು "320 ಇದ್ದರೆ ಸಾಕು, ವ್ಯತ್ಯಾಸವೇ ಇಲ್ಲ" ಎನ್ನುತ್ತಾರೆ. ಇನ್ನೊಬ್ಬರು "ಫ್ಲ್ಯಾಕ್ ಕೇಳಿದ ಮೇಲೆ ಎಂಪಿ3 ಕಿವಿಗೇ ಹತ್ತುವುದಿಲ್ಲ" ಎನ್ನುತ್ತಾರೆ. (320 ಎಂದರೆ ಒಂದು ಸೆಕೆಂಡಿನ ಹಾಡಿಗೆ ಬಳಸುವ ಕಿಲೋಬಿಟ್, ಅಂದರೆ ಕೆಬಿಪಿಎಸ್; ಫ್ಲ್ಯಾಕ್ ಎಂದರೆ ಏನನ್ನೂ ಕಳೆಯದೆ ಸಣ್ಣದು ಮಾಡಿದ ಫೈಲು.) ಇಬ್ಬರೂ ಮನಸಾರೆ ನಂಬಿಯೇ ಹೇಳುತ್ತಿರುತ್ತಾರೆ.

ಈ ಪ್ರಶ್ನೆಗೆ ಬೇರೆಯವರ ಬಾಯಿಂದ ಉತ್ತರ ಪಡೆಯಲು ಆಗುವುದಿಲ್ಲ ಎಂಬುದು ನನ್ನ ಮಾತು. ನಿಮ್ಮ ಕಿವಿ, ನಿಮ್ಮ ಹೆಡ್‌ಫೋನ್, ನೀವು ನಿಜಕ್ಕೂ ಕೇಳುವ ಸಂಗೀತ, ಈ ಮೂರನ್ನೂ ಒಟ್ಟಿಗೆ ಕೂರಿಸಿಕೊಂಡು ಒಂದೆರಡು ಸಂಜೆ ಕಳೆದರೆ ಉತ್ತರ ಸಿಗುತ್ತದೆ. ನಾನೂ ಎರಡು ವರ್ಷ 320 ಕೆಬಿಪಿಎಸ್ ಎಂಪಿ3 ಮಂಕಾಗಿ ಕೇಳುತ್ತದೆಂದು ನಂಬಿಕೊಂಡಿದ್ದೆ. ಯಾವುದು ಯಾವ ಫೈಲು ಎಂದು ಗೊತ್ತಾಗದ ಹಾಗೆ ಮಾಡಿಕೊಂಡು ಕೇಳಿದ ದಿನ, 16ರಲ್ಲಿ 9 ಸಲ ಮಾತ್ರ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಅದೇ ಸಂಜೆ, ಅದೇ ಹೆಡ್‌ಫೋನಿನಲ್ಲಿ 128ರ ಫೈಲನ್ನು 16ಕ್ಕೆ 15 ಸಲ ಹಿಡಿದೆ. ಅಂದರೆ ಈ ಎರಡರ ನಡುವೆ ಎಲ್ಲೋ ನನ್ನ ಗಡಿಯಿದೆ. ನಿಮ್ಮ ಗಡಿಯನ್ನು ಹುಡುಕಿಕೊಳ್ಳುವ ದಾರಿಯನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

'ಕಂಪ್ರೆಷನ್' ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಸ್ಟುಡಿಯೋದಲ್ಲಿ ದನಿಯ ಏರಿಳಿತವನ್ನು ತಗ್ಗಿಸುವುದು. ಜೋರಾದ ಭಾಗವನ್ನು ಅದುಮಿ, ಮೆಲುವಾದ ಭಾಗವನ್ನು ಮೇಲೆತ್ತಿ, ಇಡೀ ಹಾಡನ್ನು ಒಂದೇ ಅಬ್ಬರಕ್ಕೆ ತರುವ ಕೆಲಸ ಅದು. ಇನ್ನೊಂದು, ಫೈಲಿನ ಗಾತ್ರವನ್ನು ಕುಗ್ಗಿಸುವುದು. ಎಂಪಿ3 ಮಾಡುವುದು ಎರಡನೆಯದನ್ನು ಮಾತ್ರ. "ಎಂಪಿ3 ಕೇಳಿದರೆ ತಲೆ ಭಾರವಾಗುತ್ತದೆ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಮೊದಲನೆಯದು. ಏರಿಳಿತವನ್ನೆಲ್ಲ ಹಿಂಡಿ ತೆಗೆದ ಮುದ್ರಣವನ್ನು ಲಾಸ್‌ಲೆಸ್ (ಏನನ್ನೂ ಕಳೆಯದ) ಫೈಲಿನಲ್ಲಿ ಕೇಳಿದರೂ ಅಷ್ಟೇ ದಣಿವಾಗುತ್ತದೆ.

ಹಾಗಾಗಿ ಒಂದು ಸ್ಟ್ರೀಮಿಂಗ್ ಆ್ಯಪಿನಲ್ಲಿ ಒಂದು ಹಾಡು, ಇನ್ನೊಂದರಲ್ಲಿ ಅದೇ ಹಾಡು ಕೇಳಿ "ಇದು ಲಾಸ್‌ಲೆಸ್, ಅದಕ್ಕೇ ಚೆನ್ನಾಗಿದೆ" ಎಂದು ತೀರ್ಮಾನಿಸಬೇಡಿ. ಎರಡೂ ಕಡೆ ಬೇರೆ ಬೇರೆ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ದನಿಯನ್ನು ಕೊನೆಯದಾಗಿ ತಿದ್ದುವ ಕೆಲಸ) ಇರಬಹುದು, ದನಿಯ ಮಟ್ಟವೂ ಬೇರೆ ಇರಬಹುದು. ಹೋಲಿಕೆ ಮಾಡುವ ಎರಡು ಫೈಲುಗಳೂ ಒಂದೇ ಮೂಲದಿಂದ, ನಿಮ್ಮ ಕೈಯಿಂದಲೇ ತಯಾರಾಗಿರಬೇಕು.

ಫೈಲು ಸಣ್ಣದಾಗುವಾಗ ಏನು ಹೋಗುತ್ತದೆ

ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎಡ, ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಎಂಬಿ. 2001ರಲ್ಲಿ ಬಂದ ಫ್ಲ್ಯಾಕ್, 2004ರಲ್ಲಿ ಆಪಲ್ ತಂದ ಆಲ್ಯಾಕ್ ಇವು ಲಾಸ್‌ಲೆಸ್ ವಿಧಾನಗಳು. ಗಂಟು ಕಟ್ಟಿದ್ದನ್ನು ಬಿಚ್ಚಿದಾಗ ಒಂದು ಬಿಟ್ ಕೂಡ ಆಚೀಚೆ ಆಗದೆ ಮೂಲವೇ ಹಿಂದಿರುಗುತ್ತದೆ. ಗಾತ್ರ ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ. ಅದೇ ಹಾಡು 320 ಕೆಬಿಪಿಎಸ್ ಎಂಪಿ3 ಆದರೆ 9.6 ಎಂಬಿ, 128 ಆದರೆ 4 ಎಂಬಿಗಿಂತ ಕಡಿಮೆ. ಇಷ್ಟು ಇಳಿಯಬೇಕಾದರೆ ಏನನ್ನಾದರೂ ಬಿಸಾಡಲೇಬೇಕು.

ಏನನ್ನು ಬಿಸಾಡಬೇಕು ಎಂಬ ಆಯ್ಕೆಯಲ್ಲೇ ಇದರ ಜಾಣತನವಿದೆ. ದೊಡ್ಡ ದನಿಯ ಪಕ್ಕದಲ್ಲಿ, ಹೆಚ್ಚುಕಡಿಮೆ ಅದೇ ಶ್ರುತಿಯಲ್ಲಿ ಸಣ್ಣ ದನಿಯಿದ್ದರೆ ಅದು ನಮಗೆ ಕೇಳಿಸುವುದಿಲ್ಲ. ದೊಡ್ಡ ದನಿ ನಿಂತ ಮೇಲೂ ನೂರು ಮಿಲಿಸೆಕೆಂಡಿನಷ್ಟು ಹೊತ್ತು ಕಿವಿ ಸ್ವಲ್ಪ ಮಂದವಾಗಿರುತ್ತದೆ. ದೊಡ್ಡ ದನಿ ಬರುವುದಕ್ಕೆ ಕೆಲವೇ ಮಿಲಿಸೆಕೆಂಡ್ ಮೊದಲು ಬಂದ ಸಣ್ಣ ದನಿಯೂ ಅದರಡಿ ಮುಚ್ಚಿಹೋಗುತ್ತದೆ. ಎನ್‌ಕೋಡರ್, ಅಂದರೆ ಹಾಡನ್ನು ಹಿಂಡುವ ತಂತ್ರಾಂಶ, ಈ ನೆರಳುಗಳನ್ನು ಲೆಕ್ಕ ಹಾಕಿ, ನೆರಳಿನಲ್ಲಿರುವ ಭಾಗವನ್ನು ಒರಟಾಗಿ ಬರೆಯುತ್ತದೆ. ಒರಟಾಗಿ ಬರೆದಾಗ ಹುಟ್ಟುವ ಗದ್ದಲ ಆ ನೆರಳಿನಲ್ಲೇ ಅಡಗಿರಬೇಕು. ಅಡಗಿದರೆ ನಮಗೆ ನಷ್ಟವೇ ತಿಳಿಯದು, ಹೊರಗೆ ಇಣುಕಿದರೆ ಕಿವಿ ಹಿಡಿಯುತ್ತದೆ.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಟ್ಸ್ ಬ್ರಾಂಡನ್‌ಬುರ್ಗ್ ಮತ್ತು ಸಂಗಡಿಗರು ಈ ಲೆಕ್ಕವನ್ನು ತಿದ್ದುವಾಗ ಸುಝಾನ್ ವೇಗಾ ಅವರ 'ಟಾಮ್ಸ್ ಡೈನರ್' ಹಾಡನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ವಾದ್ಯವೇ ಇಲ್ಲದ ಒಂಟಿ ಹೆಣ್ಣುದನಿ. ಗದ್ದಲವನ್ನು ಮರೆಮಾಡಲು ಅಲ್ಲಿ ಬೇರೆ ಸದ್ದೇ ಇಲ್ಲ. ಮೊದಮೊದಲ ಪ್ರಯೋಗಗಳಲ್ಲಿ ಆ ದನಿ ತೀರಾ ಕೆಟ್ಟದಾಗಿ ಬಂದಿತ್ತು. ಅಬ್ಬರದ ಹಾಡಿಗಿಂತ ಬರಿಯ ದನಿ ಕಷ್ಟ ಎಂಬುದನ್ನು ನೆನಪಿಡಿ, ಮುಂದೆ ಹಾಡು ಆರಿಸುವಾಗ ಬೇಕಾಗುತ್ತದೆ.

ಎಂಪಿ3 ಮಾನಕ 1993ರಲ್ಲಿ ಪ್ರಕಟವಾಯಿತು, ಅದೇ ಕೆಲಸದ ಹೊಸ ವಿಧಾನಗಳಾದ ಎಎಸಿ 1997ರಲ್ಲಿ, ಓಪಸ್ 2012ರಲ್ಲಿ. ಇವು ಒಂದಕ್ಕಿಂತ ಒಂದು ಸುಧಾರಿಸಿವೆ. ಎಂಪಿ3ಯೊಳಗೇ ಎನ್‌ಕೋಡರುಗಳೂ ತುಂಬಾ ಬದಲಾಗಿವೆ. ತೊಂಬತ್ತರ ದಶಕದ ಕೊನೆಯಲ್ಲಿ ಮಾಡಿದ 128ರ ಫೈಲನ್ನು ಕೇಳಿ "ಎಂಪಿ3 ಅಂದರೆ ಇಷ್ಟೇ" ಎಂದು ನಿರ್ಧರಿಸಿದವರು ಈಗಿನ ಲೇಮ್ ಎನ್‌ಕೋಡರಿನ ಫೈಲನ್ನು ಒಮ್ಮೆ ಕೇಳಬೇಕು.

ಹೆಜ್ಜೆ 1: ದಾರಿಯಲ್ಲಿರುವ ಅಡೆತಡೆ ತೆಗೆಯಿರಿ

ಹೆಡ್‌ಫೋನನ್ನು ತಂತಿಯಿಂದಲೇ ಜೋಡಿಸಿ. ಸಾಮಾನ್ಯ ಬ್ಲೂಟೂತ್‌ನಲ್ಲಿ ಫೋನು ಹಾಡನ್ನು ಇನ್ನೊಮ್ಮೆ ಹಿಂಡಿ ಕಳಿಸುತ್ತದೆ. ಎಸ್‌ಬಿಸಿ ವಿಧಾನದಲ್ಲಿ ಹೆಚ್ಚೆಂದರೆ 330 ಕೆಬಿಪಿಎಸ್ ಆಸುಪಾಸು, ಎಲ್‌ಡ್ಯಾಕ್‌ನಲ್ಲಿ ಗರಿಷ್ಠ 990. ಮೂಲ ಫ್ಲ್ಯಾಕ್ ಆಗಿದ್ದರೂ ನಿಮ್ಮ ಕಿವಿಗೆ ಬರುವುದು ಹಿಂಡಿದ್ದೇ. ಪರೀಕ್ಷೆ ಮುಗಿದ ಮೇಲೆ ಬ್ಲೂಟೂತ್‌ನಲ್ಲೂ ಇದನ್ನೇ ಮಾಡಿ ನೋಡಬಹುದು, ಈಗ ಬೇಡ.

ಕಂಪ್ಯೂಟರಿನಲ್ಲಿ ಈಕ್ವಲೈಸರ್, 'ಸರೌಂಡ್', 'ಬಾಸ್ ಬೂಸ್ಟ್' ಎಲ್ಲ ಆರಿಸಿ. ಇದಕ್ಕೊಂದು ಕಾರಣವಿದೆ. ಎನ್‌ಕೋಡರ್ ಗದ್ದಲವನ್ನು ಅಡಗಿಸುವಾಗ ಹಾಡು ಇದ್ದಂತೆಯೇ ಕೇಳುತ್ತದೆಂದು ಊಹಿಸಿಕೊಂಡಿರುತ್ತದೆ. ನೀವು ಒಂದು ಭಾಗವನ್ನು ಬಹಳ ತಗ್ಗಿಸಿ ಇನ್ನೊಂದನ್ನು ಬಹಳ ಎತ್ತಿದರೆ, ನೆರಳು ಕೊಡುತ್ತಿದ್ದ ದನಿ ಕುಗ್ಗಿ, ಅಡಗಿದ್ದ ಗದ್ದಲ ಬಯಲಾಗಬಹುದು. ಕೆಲವು ಹೆಡ್‌ಫೋನುಗಳ ಸ್ವಭಾವವೇ ಹೀಗೆ ಏರುಪೇರಾಗಿರುತ್ತದೆ. ದುಬಾರಿ ಹೆಡ್‌ಫೋನಿನಲ್ಲಿ ದೋಷ ಹೆಚ್ಚು ಕಾಣುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ ಎನ್ನಲು ಇದೂ ಒಂದು ಕಾರಣ.

ಆದರೆ ಹೆಡ್‌ಫೋನಿಗೆ ಸ್ಪೀಕರಿಗಿಂತ ಒಂದು ಅನುಕೂಲ ನಿಜವಾಗಿಯೂ ಇದೆ. ಕೋಣೆಯ ಗೋಡೆಗಳ ಮರುದನಿ ಇಲ್ಲಿಲ್ಲ. ಸ್ಪೀಕರಿನಲ್ಲಿ ಆ ಮರುದನಿಯಡಿ ಮುಳುಗಿಹೋಗುವ ಸೂಕ್ಷ್ಮ ಮಸುಕು ಹೆಡ್‌ಫೋನಿನಲ್ಲಿ ನೇರವಾಗಿ ಕಿವಿಗೆ ಬೀಳುತ್ತದೆ.

ಕಿವಿಯ ಮೆತ್ತೆ ಸರಿಯಾಗಿ ಕೂತಿದೆಯೇ ನೋಡಿಕೊಳ್ಳಿ. ಮುಚ್ಚಿದ ಬಗೆಯ ಹೆಡ್‌ಫೋನಿನಲ್ಲಿ ಕನ್ನಡಕದ ಕಡ್ಡಿ ಒಂದು ಸಂದು ಬಿಟ್ಟರೂ ಕೆಳಸ್ಥಾಯಿ ಸೋರಿಹೋಗುತ್ತದೆ. ಎಷ್ಟೋ ಸಲ ಆ ಒಂದು ಸಂದು ಮಾಡುವ ವ್ಯತ್ಯಾಸ 320ಕ್ಕೂ ಫ್ಲ್ಯಾಕ್‌ಗೂ ಇರುವ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು.

ಹೆಜ್ಜೆ 2: ಹಾಡು ಆರಿಸಿ, ಮೂಲವನ್ನು ತಪಾಸಣೆ ಮಾಡಿ

ನಿಮಗೆ ಬಾಯಿಪಾಠವಾಗಿರುವ ನಾಲ್ಕೈದು ಹಾಡು ತೆಗೆದುಕೊಳ್ಳಿ. ಅದರ ಜೊತೆ ಎನ್‌ಕೋಡರಿಗೆ ಕಷ್ಟವೆಂದು ಹೆಸರಾದ ದನಿಗಳೂ ಇರಲಿ: ಸಂಗೀತ ಕಚೇರಿಯ ಮುದ್ರಣದ ಕೊನೆಯಲ್ಲಿ ಬರುವ ಚಪ್ಪಾಳೆ, ಒಂಟಿ ದನಿ, ಕಡ್ಡಿತಾಳದಂಥ ಚುರುಕು ಪೆಟ್ಟು, ಗೆಜ್ಜೆ, ಹಾರ್ಪ್ಸಿಕಾರ್ಡ್, ಗ್ಲಾಕನ್‌ಶ್ಪೀಲ್. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಇಂಥ ಪರೀಕ್ಷೆಗಳಿಗೆಂದೇ ಬಿಡಿ ವಾದ್ಯ, ಬಿಡಿ ದನಿಗಳನ್ನು ಮುದ್ರಿಸಿ 'ಸ್ಕ್ವಾಮ್' ಎಂಬ ಸಂಗ್ರಹ ಮಾಡಿದೆ. ಅವರ ಜಾಲತಾಣದಲ್ಲಿ ಅದು ಉಚಿತವಾಗಿ ಸಿಗುತ್ತದೆ.

ಮೂಲ ಲಾಸ್‌ಲೆಸ್ ಆಗಿರಲೇಬೇಕು. ನಿಮ್ಮದೇ ಸಿಡಿಯಿಂದ ತೆಗೆದದ್ದಾದರೆ ಚಿಂತೆಯಿಲ್ಲ. ಬೇರೆ ಕಡೆಯಿಂದ ಬಂದದ್ದಾದರೆ 'ಸ್ಪೆಕ್' ಎಂಬ ಪುಟ್ಟ ತಂತ್ರಾಂಶದಲ್ಲೋ ದನಿ ತಿದ್ದುವ ತಂತ್ರಾಂಶ ಆಡಾಸಿಟಿಯ ಸ್ಪೆಕ್ಟ್ರೋಗ್ರಾಮ್ (ಯಾವ ಎತ್ತರದ ಶ್ರುತಿಯಲ್ಲಿ ಎಷ್ಟು ದನಿಯಿದೆ ಎಂದು ತೋರಿಸುವ ಚಿತ್ರ) ನೋಟದಲ್ಲೋ ತೆರೆದು ನೋಡಿ. ನಾನು ಒಮ್ಮೆ ಒಂದು ಮಾರಾಟ ತಾಣದಿಂದ ಲಾಸ್‌ಲೆಸ್ ಎಂದು ಹಣ ಕೊಟ್ಟು ಇಳಿಸಿಕೊಂಡ ಆಲ್ಬಂ ಹೀಗೆ ತೆರೆದಾಗ, ಎಲ್ಲ ಹಾಡುಗಳಲ್ಲೂ 16 ಕಿಲೋಹರ್ಟ್ಸ್ ಹತ್ತಿರ ಕತ್ತಿಯಿಂದ ಕೊಯ್ದಂತೆ ಗೆರೆ. ಅದರ ಮೇಲೆ ಬರಿ ಕತ್ತಲು. ಯಾರೋ ಎಂಪಿ3ಯನ್ನು ಮತ್ತೆ ಫ್ಲ್ಯಾಕ್ ಮಾಡಿ ಮಾರಿದ್ದರು. ತಿಂಗಳುಗಟ್ಟಲೆ ಅದನ್ನೇ ಶುದ್ಧ ಮೂಲವೆಂದು ಕೇಳಿ ಸಂತೋಷಪಟ್ಟಿದ್ದೆ. ಹಣ ಹೋದ ಬೇಸರಕ್ಕಿಂತ ನಂಬಿಕೆ ಕೆಟ್ಟ ಬೇಸರ ದೊಡ್ಡದಾಗಿತ್ತು.

ಒಂದು ಎಚ್ಚರಿಕೆ. ಹಳೆಯ ಟೇಪಿನ ಮುದ್ರಣಗಳಲ್ಲಿ ಮೇಲಿನ ಭಾಗ ಸಹಜವಾಗಿಯೇ ಕ್ಷೀಣವಾಗಿರುತ್ತದೆ. ಮೆಲ್ಲಗೆ ಮಾಸಿದಂತಿದ್ದರೆ ಅದು ಮುದ್ರಣದ ಗುಣ. ಹಾಡಿನುದ್ದಕ್ಕೂ ಒಂದೇ ಎತ್ತರದಲ್ಲಿ ನೇರ ಗೆರೆಯಿದ್ದರೆ ಅನುಮಾನಿಸಿ.

ಹೆಜ್ಜೆ 3: ಫೈಲುಗಳನ್ನು ನೀವೇ ತಯಾರಿಸಿ

ವಿಂಡೋಸ್ ಕಂಪ್ಯೂಟರಿನಲ್ಲಿ ಫೂಬಾರ್2000 ಎಂಬ ಉಚಿತ ಪ್ಲೇಯರ್ ಹಾಕಿಕೊಳ್ಳಿ. ಅದರ ಜೊತೆ ಎನ್‌ಕೋಡರ್ ಪ್ಯಾಕ್ ಮತ್ತು ಎರಡು ಫೈಲುಗಳನ್ನು ಹೆಸರು ಮುಚ್ಚಿ ಹೋಲಿಸುವ 'ಎಬಿಎಕ್ಸ್ ಕಂಪ್ಯಾರೇಟರ್' ಎಂಬ ಬಿಡಿಭಾಗವನ್ನೂ ಅದೇ ತಾಣದಿಂದ ಇಳಿಸಿಕೊಳ್ಳಿ. ಒಂದೇ ಮೂಲ ಫೈಲಿನಿಂದ ಎಂಪಿ3ಯ 96, 128, 192, 320 ಹೀಗೆ ನಾಲ್ಕು ಪ್ರತಿ ಮಾಡಿ. ಲೇಮ್‌ನ 'ವಿ2', 'ವಿ0' ಮಟ್ಟಗಳನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಇವು ಹಾಡಿನ ಕಷ್ಟಕ್ಕೆ ತಕ್ಕಂತೆ ಬಿಟ್ ಹಂಚುತ್ತವೆ, ಸರಾಸರಿ ಕ್ರಮವಾಗಿ 190 ಮತ್ತು 245 ಕೆಬಿಪಿಎಸ್ ಸುತ್ತಮುತ್ತ ಬರುತ್ತದೆ. ಮನಸ್ಸಿದ್ದರೆ ಓಪಸ್ 96 ಮತ್ತು 128 ಕೂಡ ಮಾಡಿಕೊಳ್ಳಿ.

ಪ್ರತಿಯೊಂದನ್ನೂ ಮೂಲದಿಂದಲೇ ಮಾಡಬೇಕು. 320ರಿಂದ 128 ಮಾಡಿದರೆ ಎರಡು ಸಲದ ನಷ್ಟ ಒಟ್ಟಿಗೆ ಸೇರುತ್ತದೆ, ಪರೀಕ್ಷೆಗೆ ಅರ್ಥವಿರುವುದಿಲ್ಲ.

ಹೆಜ್ಜೆ 4: ದನಿಯ ಮಟ್ಟ ಸಮ ಮಾಡಿ

ಇದನ್ನು ಬಿಟ್ಟವರ ಪರೀಕ್ಷೆಯೆಲ್ಲ ವ್ಯರ್ಥ. ಎರಡರಲ್ಲಿ ಒಂದು ಅರ್ಧ ಡೆಸಿಬೆಲ್ ಜೋರಾಗಿದ್ದರೂ ಅದು 'ಜೋರು' ಎಂದು ತಿಳಿಯುವುದಿಲ್ಲ. 'ಹೆಚ್ಚು ಸ್ಪಷ್ಟ', 'ಹೆಚ್ಚು ಜೀವಂತ' ಎಂದು ತೋರುತ್ತದೆ. ಲಾಸ್‌ಲೆಸ್ ಸೊಗಸಾಗಿ ಕೇಳಿತು ಎಂಬ ಎಷ್ಟೋ ಅನುಭವಗಳ ಗುಟ್ಟು ಇಲ್ಲಿದೆ. ಫೂಬಾರ್‌ನಲ್ಲಿ ಎರಡೂ ಫೈಲುಗಳಿಗೆ ರೀಪ್ಲೇಗೇನ್ (ಹಾಡುಗಳ ಜೋರನ್ನು ಸಮ ಮಾಡುವ ವ್ಯವಸ್ಥೆ) ಲೆಕ್ಕ ಹಾಕಿಸಿ, ಪರೀಕ್ಷೆಯ ಹೊತ್ತಿಗೆ ಅದನ್ನು ಬಳಸುವ ಆಯ್ಕೆ ಗುರುತಿಸಿ.

ರೀಪ್ಲೇಗೇನ್‌ನಿಂದ ಇನ್ನೊಂದು ಉಪಯೋಗವಿದೆ. ಅಬ್ಬರದ ಮುದ್ರಣಗಳಲ್ಲಿ ದನಿಯ ಶಿಖರಗಳು ಗರಿಷ್ಠ ಮಿತಿಗೆ ತಾಗಿಕೊಂಡೇ ಇರುತ್ತವೆ. ಹಿಂಡಿ ಬಿಚ್ಚಿದಾಗ ಅವು ಮಿತಿ ದಾಟಿ ಒಡೆಯಬಹುದು. ಮಟ್ಟವನ್ನು ಸ್ವಲ್ಪ ಇಳಿಸಿದರೆ ಆ ತೊಂದರೆ ಇಲ್ಲವಾಗುತ್ತದೆ.

ಹೆಜ್ಜೆ 5: ಏನನ್ನು ಕೇಳಬೇಕೆಂದು ಕಿವಿಗೆ ಕಲಿಸಿ

ನೇರವಾಗಿ 320ಕ್ಕೆ ಹೋಗಬೇಡಿ. 96 ಕೆಬಿಪಿಎಸ್ ಫೈಲಿನಿಂದ ಶುರುಮಾಡಿ, ಮೂಲದೊಂದಿಗೆ ಅದಲುಬದಲು ಮಾಡುತ್ತಾ ಐದು ಹತ್ತು ಸೆಕೆಂಡಿನ ತುಣುಕನ್ನೇ ಕೇಳಿ. ಇಡೀ ಹಾಡು ಕೇಳಿ ಹೋಲಿಸುವುದು ಕಷ್ಟ. ದನಿಯ ಸೂಕ್ಷ್ಮ ನೆನಪು ಕೆಲವೇ ಸೆಕೆಂಡಿನಲ್ಲಿ ಮಾಸಿಹೋಗುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಚಪ್ಪಾಳೆ. ಕಚೇರಿ ಮುಗಿದ ಕ್ಷಣದ ಒಂಬತ್ತು ಸೆಕೆಂಡಿನ ತುಣುಕು. ಮೂಲದಲ್ಲಿ ಎಡಗಡೆ ಹತ್ತಿರದಲ್ಲೇ ಒಬ್ಬರು ಅಂಗೈ ಕುಳಿ ಮಾಡಿ ತಟ್ಟುತ್ತಿರುವುದು ಬೇರೆಯಾಗಿ ಕೇಳುತ್ತದೆ, ಅವರ ಹಿಂದೆ ದೂರದಲ್ಲಿ ಉಳಿದ ಜನ. 96ರಲ್ಲಿ ಆ ಒಬ್ಬರು ಮಾಯ. ಎಲ್ಲ ಕೈಗಳೂ ಸೇರಿ ತಗಡಿನ ಮೇಲೆ ಬಿದ್ದ ಮಳೆಯಾಗುತ್ತವೆ. 128ರಲ್ಲಿ ಅವರು ಮರಳಿ ಬರುತ್ತಾರೆ, ಆದರೆ ಪ್ರತಿ ತಟ್ಟಿನ ಮೊದಲು ಉಸಿರಿನಂಥ ಒಂದು 'ಶ್'. 192ಕ್ಕೆ ಬರುವಾಗ ಆ 'ಶ್' ಕೂಡ ನನಗೆ ಸಿಗುವುದಿಲ್ಲ.

ಆ 'ಶ್' ಎಲ್ಲಿಂದ ಬಂತು ಎಂದು ತಿಳಿದರೆ ಹುಡುಕುವುದು ಸುಲಭ. ಎಂಪಿ3 ದನಿಯನ್ನು 1,152 ಅಳತೆಗಳ, ಅಂದರೆ ಸುಮಾರು 26 ಮಿಲಿಸೆಕೆಂಡಿನ ಚೌಕಟ್ಟುಗಳಾಗಿ ಕತ್ತರಿಸುತ್ತದೆ. ಒರಟಾಗಿ ಬರೆದಾಗ ಹುಟ್ಟುವ ಗದ್ದಲ ಆ ಹರವಿನುದ್ದಕ್ಕೂ ಸಮನಾಗಿ ಹರಡಿಕೊಳ್ಳುತ್ತದೆ. ಪೆಟ್ಟು ಬೀಳುವುದು ಕೊನೆಯಲ್ಲಾದರೆ ಗದ್ದಲ ಪೆಟ್ಟಿಗಿಂತ ಮೊದಲೇ ಕೇಳಲು ಶುರುವಾಗುತ್ತದೆ. ಪೆಟ್ಟಿನ ನೆರಳು ಹಿಂದಕ್ಕೆ ಚಾಚುವುದು ಕೆಲವೇ ಮಿಲಿಸೆಕೆಂಡ್, ಉಳಿದದ್ದೆಲ್ಲ ಬಯಲು. ಇದಕ್ಕೆ ಪ್ರಿ-ಎಕೋ ಎನ್ನುತ್ತಾರೆ. ಎನ್‌ಕೋಡರ್ ಪೆಟ್ಟು ಬರುವುದನ್ನು ಮುಂಚೆಯೇ ಗುರುತಿಸಿ ಚಿಕ್ಕ ತುಂಡುಗಳಿಗೆ ಬದಲಾಯಿಸಿಕೊಳ್ಳುತ್ತದೆ, ಆದರೆ ಅದಕ್ಕೆ ಬಿಟ್ ಹೆಚ್ಚು ಬೇಕು. ಚಪ್ಪಾಳೆಯಲ್ಲಿ ಪೆಟ್ಟಿನ ಮೇಲೆ ಪೆಟ್ಟು, ಬಿಡುವೇ ಇಲ್ಲ. ಬಿಟ್ ಕಡಿಮೆಯಿದ್ದರೆ ಎಲ್ಲೋ ಒಂದು ಕಡೆ ಕೈಚೆಲ್ಲಲೇಬೇಕು.

ಉಳಿದ ಗುರುತುಗಳು: ಸಿಂಬಲ್‌ನ ಝೇಂಕಾರ ನೀರೊಳಗೆ ಸುತ್ತಿದಂತೆ ಅಲೆಯುವುದು, ಎಡಬಲದ ಹರವು ನಡುವಿಗೆ ಕುಗ್ಗುವುದು, ಹಾಡುಗಾರರ 'ಸ' 'ಶ' ಅಕ್ಷರಗಳು ಹರಿದ ಕಾಗದದಂತಾಗುವುದು. ಅತಿ ಎತ್ತರದ ಭಾಗ ಪೂರ್ತಿ ಇಲ್ಲವಾಗುವುದೂ ಉಂಟು. ಲೇಮ್ 128ರಲ್ಲಿ 16-17 ಕಿಲೋಹರ್ಟ್ಸ್ ಮೇಲಿನದನ್ನು ಕತ್ತರಿಸಿಬಿಡುತ್ತದೆ. ಆದರೆ ವಯಸ್ಸಾದಂತೆ ಕಿವಿಯೇ ಆ ಎತ್ತರವನ್ನು ಬಿಟ್ಟುಕೊಡುತ್ತಾ ಬರುತ್ತದೆ, ಹಾಗಾಗಿ ಎಲ್ಲರಿಗೂ ಇದು ತಿಳಿಯುವುದಿಲ್ಲ.

ದೋಷ ಸಿಗಲೆಂದು ದನಿ ಏರಿಸುತ್ತಾ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಜೋರು ಹೆಚ್ಚಿದಷ್ಟೂ ಆ ಗಂಟೆಗಳು ಬೇಗ ಕರಗುತ್ತವೆ, ಕಿವಿಯೂ ಬೇಗ ದಣಿಯುತ್ತದೆ.

ಹೆಜ್ಜೆ 6: ಹೆಸರು ಮುಚ್ಚಿ ಕೇಳಿ

ಈಗ ನಿಜವಾದ ಪರೀಕ್ಷೆ. ಎಬಿಎಕ್ಸ್ ಎಂಬುದು ಹೊಸದಲ್ಲ, ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್‌ನರ್ 1950ರಲ್ಲೇ ಇಂಥ ವಿಧಾನವನ್ನು ವಿವರಿಸಿದ್ದರು. 'ಎ' ಮೂಲ, 'ಬಿ' ಹಿಂಡಿದ್ದು. 'ಎಕ್ಸ್' ಎಂಬುದು ಎರಡರಲ್ಲಿ ಒಂದು, ಯಾವುದೆಂದು ನಿಮಗೆ ಗೊತ್ತಿಲ್ಲ. ಮೂರನ್ನೂ ಎಷ್ಟು ಸಲ ಬೇಕಾದರೂ ಕೇಳಿ 'ಎಕ್ಸ್' ಯಾವುದೆಂದು ಹೇಳಬೇಕು. ಯಾವುದು ಚೆನ್ನಾಗಿದೆ ಎಂದು ಹೇಳಬೇಕಾಗಿಲ್ಲ, ಯಾವುದು ಯಾವುದು ಎಂದಷ್ಟೇ.

ಫೂಬಾರ್‌ನಲ್ಲಿ ಎರಡು ಫೈಲುಗಳನ್ನೂ ಆರಿಸಿ, ಬಲಗುಂಡಿ ಒತ್ತಿದರೆ 'ಯುಟಿಲಿಟೀಸ್' ಅಡಿಯಲ್ಲಿ ಎಬಿಎಕ್ಸ್ ಆಯ್ಕೆ ಇರುತ್ತದೆ. ತುಣುಕಿನ ಆರಂಭ, ಕೊನೆ ಗುರುತು ಮಾಡಿಕೊಳ್ಳಿ. 16 ಸುತ್ತು ಎಂದು ಮೊದಲೇ ತೀರ್ಮಾನಿಸಿ, ಅಷ್ಟೂ ಮುಗಿಸಿ. ನಡುವೆ ಅಂಕ ನೋಡಿ, ಚೆನ್ನಾಗಿದ್ದಾಗ ನಿಲ್ಲಿಸುವುದು ನಮಗೆ ನಾವೇ ಮೋಸ ಮಾಡಿಕೊಂಡಂತೆ. ಪ್ರತಿ ನಾಲ್ಕೈದು ಸುತ್ತಿಗೆ ಹೆಡ್‌ಫೋನ್ ತೆಗೆದು ಎರಡು ನಿಮಿಷ ಸುಮ್ಮನೆ ಕೂತುಕೊಳ್ಳಿ.

ತಂತ್ರಾಂಶ ಇಲ್ಲದಿದ್ದರೆ ಒಬ್ಬ ಗೆಳೆಯ ಸಾಕು. ಅವರು ನಿಮ್ಮ ಬೆನ್ನ ಹಿಂದೆ ಕೂತು ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಲಿ, ಹೆಡ್ ಬಿದ್ದರೆ ಮೂಲ, ಟೇಲ್ ಬಿದ್ದರೆ ಹಿಂಡಿದ್ದು. ಚೀಟಿಯಲ್ಲಿ ಬರೆದುಕೊಳ್ಳಲಿ, ಮಾತಾಡದಿರಲಿ. ಎಂಪಿ3ಯನ್ನು ಮತ್ತೆ ವೇವ್ (ಹಿಂಡದ) ಫೈಲಾಗಿ ಬಿಚ್ಚಿಟ್ಟುಕೊಂಡಿರಿ. ಇಲ್ಲದಿದ್ದರೆ ಫೈಲು ಶುರುವಾಗುವ ಕ್ಷಣದ ಸಣ್ಣ ತಡದಿಂದಲೇ ಯಾವುದೆಂದು ಗೊತ್ತಾಗಿಬಿಡಬಹುದು. ಹಿಂಡುವಾಗ, ಬಿಚ್ಚುವಾಗ ಎಂಪಿ3ಯ ಮೊದಲಲ್ಲಿ ಸಾವಿರಕ್ಕೂ ಮಿಕ್ಕಿದ ಅಳತೆಗಳಷ್ಟು ಮೌನ ಸೇರಿಕೊಳ್ಳುತ್ತದೆ. ಒಳ್ಳೆಯ ತಂತ್ರಾಂಶಗಳು ಅದನ್ನು ಕಳೆಯುತ್ತವೆ, ಎಲ್ಲವೂ ಅಲ್ಲ.

ಹೆಜ್ಜೆ 7: ಅಂಕ ಓದುವುದು

ಏನೂ ಕೇಳಿಸದೆ ಸುಮ್ಮನೆ ಊಹಿಸಿದರೂ 16ರಲ್ಲಿ ಎಂಟರ ಹತ್ತಿರ ಬರುತ್ತದೆ. 12 ಅಥವಾ ಹೆಚ್ಚು ಬರೀ ಅದೃಷ್ಟದಿಂದ ಬರುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ, 14 ಬರುವುದು ಸಾವಿರದಲ್ಲಿ ಎರಡು ಸಲದಷ್ಟು. ಹಾಗಾಗಿ 12 ಬಂದರೆ 'ಏನೋ ಇದೆ, ಇನ್ನೊಮ್ಮೆ ಮಾಡೋಣ' ಎನ್ನಿ, 14 ಬಂದರೆ ನಂಬಿ. ಹತ್ತೇ ಸುತ್ತು ಮಾಡಿದರೆ ಒಂಬತ್ತು ಬೇಕು. ಹತ್ತರಲ್ಲಿ ಎಂಟು ಎಂಬುದು ಊಹೆಯಿಂದಲೂ ಶೇ. 5ಕ್ಕಿಂತ ಹೆಚ್ಚು ಸಲ ಬರುತ್ತದೆ.

ಹತ್ತು ಹಾಡಿನಲ್ಲಿ ಪರೀಕ್ಷೆ ಮಾಡಿ ಒಂದರಲ್ಲಿ 12 ಬಂದರೆ ಕುಣಿಯಬೇಡಿ, ಅಷ್ಟು ಪ್ರಯತ್ನದಲ್ಲಿ ಒಂದು ಹಾಗೆ ಬರುವುದು ಸಹಜ. ಆ ಹಾಡನ್ನು ಮಾತ್ರ ಇನ್ನೊಂದು ದಿನ ಹೊಸದಾಗಿ ಪರೀಕ್ಷಿಸಿ. ಇತ್ತ 8 ಬಂದರೆ "ವ್ಯತ್ಯಾಸವೇ ಇಲ್ಲ" ಎಂದು ಸಾಬೀತಾದಂತೆಯೂ ಅಲ್ಲ. ಆ ತುಣುಕಿನಲ್ಲಿ, ಆ ದಿನ ನಿಮಗೆ ಸಿಗಲಿಲ್ಲ ಎಂದಷ್ಟೇ.

96ರಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಮೇಲೇರಿ. ಎಲ್ಲಿ ನಿಮ್ಮ ಅಂಕ ಊಹೆಯ ಮಟ್ಟಕ್ಕೆ ಇಳಿಯಿತೋ ಅಲ್ಲಿ ನಿಮ್ಮ ಗಡಿ. ಈಗಿನ ಲೇಮ್‌ನಲ್ಲಿ ಸಾಮಾನ್ಯ ಸಂಗೀತಕ್ಕೆ 192 ದಾಟಿದ ಮೇಲೆ ಹೆಚ್ಚಿನವರಿಗೆ ಹಿಡಿಯುವುದು ಬಹಳ ಕಷ್ಟವಾಗುತ್ತದೆ. ಕಷ್ಟದ ತುಣುಕು, ಪಳಗಿದ ಕಿವಿ ಎರಡೂ ಸೇರಿದರೆ ಅದಕ್ಕಿಂತ ಮೇಲೂ ಹಿಡಿಯುವವರಿದ್ದಾರೆ. ಅಲ್ಲಿ ಕೆಲಸ ಮಾಡುವುದು ಹೆಡ್‌ಫೋನಿನ ಬೆಲೆಗಿಂತ ಹೆಚ್ಚಾಗಿ ಅಭ್ಯಾಸ.

ಒಂದು ಬಲೆ: 'ಕಳೆದುಹೋದದ್ದನ್ನು' ಕೇಳುವುದು

ಆಡಾಸಿಟಿಯಲ್ಲಿ ಮೂಲ ಮತ್ತು ಎಂಪಿ3 ಎರಡನ್ನೂ ಇಟ್ಟು, ಒಂದನ್ನು ತಲೆಕೆಳಗು ಮಾಡಿ ಕೂಡಿಸಿದರೆ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಅದನ್ನು ಕೇಳಿದವರು ಬೆಚ್ಚುತ್ತಾರೆ. ಪಿಸುಗುಟ್ಟುವ, ಗುಳುಗುಳು ಎನ್ನುವ ಒಂದು ಭೂತದಂಥ ಹಾಡು ಅಲ್ಲಿರುತ್ತದೆ. "ಇಷ್ಟೆಲ್ಲ ಎಸೆದಿದ್ದಾರೆ!" ಎನಿಸುವುದು ಸಹಜ. ಆದರೆ ಅದನ್ನು ನೀವು ಈಗ ಮೌನದಲ್ಲಿ ಕೇಳುತ್ತಿದ್ದೀರಿ. ಹಾಡಿನೊಳಗೆ ಅದು ಇದ್ದದ್ದು ದೊಡ್ಡ ದನಿಗಳ ನೆರಳಿನಲ್ಲಿ. ಹಗಲಲ್ಲಿ ಕಾಣದ ನಕ್ಷತ್ರವನ್ನು ರಾತ್ರಿ ತೋರಿಸಿ, ಹಗಲಲ್ಲೂ ಇದು ಕಾಣುತ್ತಿತ್ತು ಎಂದಂತೆ. ಅದೂ ಅಲ್ಲದೆ ಎರಡೂ ಫೈಲುಗಳು ಒಂದೇ ಒಂದು ಅಳತೆಯಷ್ಟು ಆಚೀಚೆಯಾದರೂ ವ್ಯತ್ಯಾಸ ವಿಪರೀತ ದೊಡ್ಡದಾಗಿ ಕಾಣುತ್ತದೆ. ಹೇಗೆ ಕೆಲಸ ಮಾಡುತ್ತದೆಂದು ಕಲಿಯಲು ಇದು ಚೆಂದ. ತೀರ್ಪು ಕೊಡಲು ಬೇಡ.

ಹೆಜ್ಜೆ 8: ವ್ಯತ್ಯಾಸ ಬೇರೆ, ಆನಂದ ಬೇರೆ

ಎಬಿಎಕ್ಸ್ ಬಗ್ಗೆ ಒಂದು ಗಂಭೀರ ಆಕ್ಷೇಪವಿದೆ. ಹತ್ತು ಸೆಕೆಂಡಿನ ತುಣುಕು ಜಗ್ಗಾಡಿ ಕೇಳುವುದು ಸಂಗೀತ ಕೇಳಿದಂತಲ್ಲ. ವ್ಯತ್ಯಾಸ ತಕ್ಷಣ ಹಿಡಿಯದಿದ್ದರೂ ಗಂಟೆಗಟ್ಟಲೆ ಕೇಳಿದಾಗ ದಣಿವಾಗಿಯೋ ನೀರಸವಾಗಿಯೋ ಅದು ಪ್ರಕಟವಾಗಬಾರದೇಕೆ? ಈ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಆದರೆ ಇದನ್ನೂ ಹೆಸರು ಮುಚ್ಚಿಯೇ ಪರೀಕ್ಷಿಸಬಹುದು.

ನಿಮಗಿಷ್ಟವಾದ ಹತ್ತು ಆಲ್ಬಂಗಳನ್ನು ಗೆಳೆಯರ ಕೈಗೆ ಕೊಡಿ. ಅವರು ಪ್ರತಿ ಆಲ್ಬಂಗೂ ನಾಣ್ಯ ಚಿಮ್ಮಿ, ಐದನ್ನು ಮೂಲದಂತೆ, ಐದನ್ನು ನಿಮ್ಮ ಗಡಿಯಲ್ಲಿರುವ ಬಿಟ್‌ರೇಟಿನಲ್ಲಿ ಹಿಂಡಿ ಬಿಚ್ಚಿ, ಎಲ್ಲವನ್ನೂ ವೇವ್ ಫೈಲುಗಳಾಗಿ ಹಿಂದಿರುಗಿಸಲಿ. ಒಂದು ಗುಂಪು ಐದು ತುಂಬಿದ ಮೇಲೆ ಉಳಿದವು ಇನ್ನೊಂದಕ್ಕೆ. ವೇವ್ ಆದ್ದರಿಂದ ಗಾತ್ರ ನೋಡಿ ಸುಲಭವಾಗಿ ಕಂಡುಹಿಡಿಯಲಾಗದು. ಪಟ್ಟಿ ಅವರ ಬಳಿಯೇ ಇರಲಿ. ನೀವು ಮೂರು ವಾರ ಎಂದಿನಂತೆ ಕೇಳಿ, ಪ್ರತಿ ಆಲ್ಬಂ ಮುಗಿದಾಗ ಎರಡೇ ಸಂಗತಿ ಬರೆದಿಡಿ: ಎಷ್ಟು ಹಿಡಿಸಿತು, ಕೊನೆಯವರೆಗೆ ಕೇಳಿದಿರಾ ಅಥವಾ ನಡುವೆ ಎದ್ದಿರಾ. ಆಮೇಲೆ ಪಟ್ಟಿಯೊಂದಿಗೆ ಹೋಲಿಸಿ. ಎರಡನೇ ಬಾರಿ ಗುಂಪುಗಳನ್ನು ಅದಲುಬದಲು ಮಾಡಿಸಿದರೆ ಇನ್ನೂ ಗಟ್ಟಿ.

ನಾನು ಮಾಡಿದಾಗ ನನ್ನ ಟಿಪ್ಪಣಿಗೂ ಫೈಲಿನ ಬಗೆಗೂ ಹೊಂದಾಣಿಕೆಯೇ ಇರಲಿಲ್ಲ. ಹೊಂದಾಣಿಕೆ ಇದ್ದದ್ದು ದಿನದ ಹೊತ್ತಿಗೆ. ಬೆಳಗಿನ ಜಾವ ಕೇಳಿದ್ದೆಲ್ಲ ಹಿಡಿಸಿತ್ತು, ಕೆಲಸ ಮುಗಿಸಿ ಬಂದು ಕೇಳಿದ ಮೂರನ್ನು ನಡುವೆಯೇ ನಿಲ್ಲಿಸಿದ್ದೆ. ಅದರಲ್ಲಿ ಎರಡು ಲಾಸ್‌ಲೆಸ್.

ಆದರೂ ಒಂದು ಮಾತು ಒಪ್ಪಿಕೊಳ್ಳುತ್ತೇನೆ. 'ಇದು ಪೂರ್ತಿ ಇದೆ, ಏನೂ ಕಳೆದಿಲ್ಲ' ಎಂಬ ನೆಮ್ಮದಿಯಿಂದ ಕೇಳುವುದೂ ಆನಂದದ ಒಂದು ಪಾಲೇ. ಜಾಗ ಇರುವವರು ಆ ನೆಮ್ಮದಿಗೆಂದೇ ಲಾಸ್‌ಲೆಸ್ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಸಿಡಿ ಮಟ್ಟವನ್ನೂ ಮೀರಿದ 'ಹೈ-ರೆಸ್' ಫೈಲುಗಳಿಗೆ ಹೆಚ್ಚಿನ ಹಣ ಕೊಡುವ ಮೊದಲು ಮಾತ್ರ ಇದೇ ಪರೀಕ್ಷೆ ಮಾಡಿ. 2007ರಲ್ಲಿ ಮೇಯರ್ ಮತ್ತು ಮೊರಾನ್ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೈ-ರೆಸ್ ದನಿಯನ್ನು ನಡುವೆ ಸಿಡಿ ಮಟ್ಟಕ್ಕೆ ಇಳಿಸಿ ಕೇಳಿಸಿದಾಗ ಸಾಮಾನ್ಯ ಜೋರಿನಲ್ಲಿ ಕೇಳುಗರ ಉತ್ತರಗಳು ಊಹೆಯ ಮಟ್ಟದಲ್ಲೇ ಉಳಿದವು.

ಹೆಜ್ಜೆ 9: ಸಂಗ್ರಹವನ್ನು ಜೋಡಿಸುವುದು

ಮನೆಯ ಕಂಪ್ಯೂಟರಿನಲ್ಲಿ ಮೂಲವನ್ನು ಫ್ಲ್ಯಾಕ್‌ನಲ್ಲೇ ಇಡಿ. ನಾಳೆ ಎಂಪಿ3ಗಿಂತ ಒಳ್ಳೆಯ ವಿಧಾನ ಬಂದರೆ ಅಲ್ಲಿಂದ ಹೊಸದಾಗಿ ಮಾಡಿಕೊಳ್ಳಬಹುದು. ಎಂಪಿ3ಯಿಂದ ಓಪಸ್, ಓಪಸ್‌ನಿಂದ ಎಎಸಿ ಹೀಗೆ ಮಾಡುತ್ತಾ ಹೋದರೆ ಪ್ರತಿ ಸಲವೂ ಗದ್ದಲದ ಮೇಲೆ ಗದ್ದಲ ಕೂಡುತ್ತದೆ. ಫೋನಿಗೆ ನಿಮ್ಮ ಗಡಿಗಿಂತ ಒಂದು ಮೆಟ್ಟಿಲು ಮೇಲಿನದನ್ನು ಹಾಕಿಕೊಳ್ಳಿ. 128 ಹಿಡಿದು 192 ಹಿಡಿಯಲಾರದವರಿಗೆ ಎಂಪಿ3 ವಿ0 ಅಥವಾ ಎಎಸಿ 256 ಧಾರಾಳ ಸಾಕು, ಓಪಸ್ ಆದರೆ 160. ಹಳೆಯ ಎಂಪಿ3ಗಳಿಗೆ ಮೂಲವೇ ಇಲ್ಲದಿದ್ದರೆ ಹಾಗೆಯೇ ಬಿಡಿ, ಫ್ಲ್ಯಾಕ್ ಮಾಡಿದರೆ ಜಾಗ ಹೋಗುತ್ತದೆಯೇ ಹೊರತು ಹೋದದ್ದು ಬರುವುದಿಲ್ಲ. ಅವುಗಳಲ್ಲಿ ಯಾವುದಾದರೂ ನಿಜವಾಗಿಯೂ ಕಿವಿಗೆ ಚುಚ್ಚುತ್ತಿದ್ದರೆ ಅದರ ಸಿಡಿಯನ್ನು ಹುಡುಕಿ.

ಪರೀಕ್ಷೆಯಲ್ಲಿ ನಿಮ್ಮನ್ನು ಹೆಚ್ಚು ಸತಾಯಿಸಿದ ಎರಡು ಮೂರು ತುಣುಕುಗಳನ್ನು ಒಂದು ಫೋಲ್ಡರಿನಲ್ಲಿ ಬೇರೆ ಇಡಿ. ಹೊಸ ಹೆಡ್‌ಫೋನ್, ಹೊಸ ಬ್ಲೂಟೂತ್ ವಿಧಾನ, ಹೊಸ ಎನ್‌ಕೋಡರ್ ಏನೇ ಬಂದರೂ ಮೊದಲು ಅವನ್ನೇ ಹಾಕಿ ಕೇಳಿ. ನನ್ನ ಫೋಲ್ಡರಿನಲ್ಲಿ ಮೊದಲ ಫೈಲು ಆ ಒಂಬತ್ತು ಸೆಕೆಂಡಿನ ಚಪ್ಪಾಳೆ. ಎಡಗಡೆ ಅಂಗೈ ಕುಳಿ ಮಾಡಿ ತಟ್ಟುವವರು ಕೇಳಿಸಿದರೆ ಮುಂದಿನದಕ್ಕೆ ಹೋಗುತ್ತೇನೆ.